ಬೀಳು ಭೂಮಿ, ಖಾಲಿ ಭೂಮಿ

"ಅಲ್ಲೇನಿದೆ ಗುರು, ಬರೀ ಖಾಲಿ ಜಾಗ."

ನ್ಯೂ ಮೆಕ್ಸಿಕೋ ರಾಜ್ಯದ ಕ್ಯಾಟ್ರನ್ ಕೌಂಟಿ ಬಗ್ಗೆ ಅಮೆರಿಕದಲ್ಲಿರೋ ಗೆಳೆಯರನ್ನ ಕೇಳಿದ್ರೆ ಬರೋ ಉತ್ತರ ಇಷ್ಟೇ. ಕೌಂಟಿ ಅಂದ್ರೆ ಹೆಚ್ಚುಕಮ್ಮಿ ನಮ್ಮ ಜಿಲ್ಲೆ ಇದ್ದ ಹಾಗೆ. ಅಂಕಿ ನೋಡಿದ್ರೆ ಗೆಳೆಯರ ಮಾತು ಸುಳ್ಳು ಅನ್ನಿಸಲ್ಲ. ವಿಸ್ತೀರ್ಣ ಸುಮಾರು 17,900 ಚದರ ಕಿಲೋಮೀಟರ್, ಅಂದ್ರೆ ಕರ್ನಾಟಕದ ಅತಿ ದೊಡ್ಡ ಜಿಲ್ಲೆ ಬೆಳಗಾವಿಗಿಂತಲೂ ದೊಡ್ಡದು. 2020ರ ಜನಗಣತಿಯಲ್ಲಿ ಸಿಕ್ಕ ಜನ 3,579. ಐದು ಚದರ ಕಿಲೋಮೀಟರಿಗೆ ಒಬ್ಬರು ಅಂತ ಲೆಕ್ಕ. ಬೆಂಗಳೂರಿನ ಐಟಿ ಕಾರಿಡಾರಿನಲ್ಲಿ ಒಂದು ದೊಡ್ಡ ಅಪಾರ್ಟ್‌ಮೆಂಟ್ ಕಾಂಪೌಂಡಿನೊಳಗೇ ಇಷ್ಟು ಜನ ಇರ್ತಾರೆ. ಕೌಂಟಿಯ ಮುಖ್ಯ ಪಟ್ಟಣ ರಿಸರ್ವ್‌ನಲ್ಲಿ ಇರೋದು ಮುನ್ನೂರರ ಆಸುಪಾಸು ಜನ.

ಮರುಭೂಮಿ ಸೀಮೆ ಅಂದ ಕೂಡಲೇ ರಾಜಸ್ಥಾನದ ಮರಳು ಕಣ್ಣಿಗೆ ಬಂದ್ರೆ ಅದನ್ನ ಪಕ್ಕಕ್ಕಿಡಿ. ಇದು ಎತ್ತರದ ಒಣ ಸೀಮೆ. ಉತ್ತರ ಭಾಗದ ಊರುಗಳು ಸಮುದ್ರಮಟ್ಟದಿಂದ ಏಳು-ಎಂಟು ಸಾವಿರ ಅಡಿ ಮೇಲಿವೆ. ಬಯಲು ತುಂಬಾ ಒಣಹುಲ್ಲು, ಗುಡ್ಡದ ಮೇಲೆ ಕುಳ್ಳಗಿನ ಪಿನ್ಯೋನ್, ಜುನಿಪರ್ ಮರಗಳು, ದಕ್ಷಿಣಕ್ಕೆ ಹೋದ್ರೆ ಹೀಲಾದ ದಟ್ಟ ಕಾಡು. ಚಳಿಗಾಲದಲ್ಲಿ ಹಿಮ ಬೀಳುತ್ತೆ. ಮಳೆ ಮಾತ್ರ ನಂಬೋ ಹಾಗಿಲ್ಲ.

ಈ ಜಾಗವನ್ನ ಹೊರಗಿನವರು ಕಲೆಯಲ್ಲಿ ಹೇಗೆ ನೋಡಿದ್ರು ಅನ್ನೋದು ಈ ಬರಹದ ವಿಷಯ. ಮುಖ್ಯವಾಗಿ ಎರಡು ಕೆಲಸಗಳಿವೆ. ಒಂದು, 1940ರಲ್ಲಿ ರಸೆಲ್ ಲೀ ಅನ್ನೋ ಫೋಟೋಗ್ರಾಫರ್ ಪೈ ಟೌನ್ ಎಂಬ ಊರಲ್ಲಿ ತೆಗೆದ ಸುಮಾರು 600 ಫೋಟೋಗಳು. ಇನ್ನೊಂದು, 1977ರಲ್ಲಿ ವಾಲ್ಟರ್ ಡಿ ಮರಿಯಾ ಅನ್ನೋ ಕಲಾವಿದ ಕೆಮಾಡೊ ಪಟ್ಟಣದ ಆಚೆ ಬಯಲಲ್ಲಿ ನಿಲ್ಲಿಸಿದ 400 ಉಕ್ಕಿನ ಕಂಬಗಳು. ಅದರ ಹೆಸರು 'ದಿ ಲೈಟ್ನಿಂಗ್ ಫೀಲ್ಡ್'. ಎರಡೂ ಅದೇ ಕೌಂಟಿ, ಅದೇ ಹೆದ್ದಾರಿಯ ಅಕ್ಕಪಕ್ಕ. ಒಂದರ ತುಂಬಾ ಜನ. ಇನ್ನೊಂದರಲ್ಲಿ ಒಬ್ಬರೂ ಇಲ್ಲ. ನಡುವೆ ಮೂವತ್ತೇಳು ವರ್ಷ. ಆ ಮೂವತ್ತೇಳು ವರ್ಷದಲ್ಲಿ ಏನಾಯ್ತು ಅಂತ ಕೇಳದೆ ಈ ಎರಡನ್ನೂ ಮೆಚ್ಚೋದು ಅರ್ಧ ಮೆಚ್ಚುಗೆ ಅಂತ ನನ್ನ ವಾದ.

ಮೊದಲು ಲೀ. ನಮ್ಮಂಥವರಿಗೆ ಈತ ಬೇಗ ಹತ್ತಿರ ಆಗ್ತಾನೆ, ಯಾಕಂದ್ರೆ ಓದಿದ್ದು ಎಂಜಿನಿಯರಿಂಗ್. 1903ರಲ್ಲಿ ಹುಟ್ಟಿದ ಈತ ಲೀಹೈ ವಿಶ್ವವಿದ್ಯಾಲಯದಲ್ಲಿ ಕೆಮಿಕಲ್ ಎಂಜಿನಿಯರಿಂಗ್ ಮುಗಿಸಿ, ಕಾರ್ಖಾನೆಯಲ್ಲಿ ಕೆಲಸ ಮಾಡಿ, ಬೇಜಾರಾಗಿ ಬಿಟ್ಟು, ಚಿತ್ರಕಲೆ ಕಲಿಯೋಕೆ ಹೋದ. ಚಿತ್ರ ಬರೆಯೋಕೆ ಸಹಾಯ ಆಗಲಿ ಅಂತ ಕ್ಯಾಮೆರಾ ಕೊಂಡ. ಕೊನೆಗೆ ಕ್ಯಾಮೆರಾನೇ ಉಳೀತು. 1936ರಲ್ಲಿ ರಾಯ್ ಸ್ಟ್ರೈಕರ್ ನಡೆಸ್ತಿದ್ದ ಸರ್ಕಾರಿ ಫೋಟೋ ವಿಭಾಗಕ್ಕೆ ಸೇರಿದ. ಮಹಾ ಆರ್ಥಿಕ ಕುಸಿತದ ಕಾಲ. ಹಳ್ಳಿಗಾಡಿನ ಕಷ್ಟ ಹೇಗಿದೆ ಅಂತ ಪಟ್ಟಣದ ಜನಕ್ಕೆ ತೋರಿಸಿ, ಸರ್ಕಾರದ ಪರಿಹಾರ ಯೋಜನೆಗಳಿಗೆ ಬೆಂಬಲ ಗಳಿಸೋದು ಆ ವಿಭಾಗದ ಕೆಲಸ. ಡೊರೊಥಿಯಾ ಲ್ಯಾಂಗ್, ವಾಕರ್ ಇವಾನ್ಸ್ ಎಲ್ಲ ಇದೇ ವಿಭಾಗದವರು.

ಪೈ ಟೌನ್ ಹೆಸರು ಕೇಳಿಯೇ ಲೀಗೆ ಕುತೂಹಲ ಹುಟ್ಟಿರಬೇಕು. 1920ರ ದಶಕದಲ್ಲಿ ಕ್ಲೈಡ್ ನಾರ್ಮನ್ ಅನ್ನೋ ಮಾಜಿ ಸೈನಿಕ ರಸ್ತೆ ಬದಿಯಲ್ಲಿ ಪೈ ಮಾಡಿ ಮಾರೋಕೆ ಶುರುಮಾಡಿದ. ಪೈ ಅಂದ್ರೆ ಹಿಟ್ಟಿನ ಹೊದಿಕೆಯೊಳಗೆ ಹಣ್ಣಿನ ಹೂರಣ ತುಂಬಿ ಬೇಯಿಸಿದ ಸಿಹಿ. ಜನ ಊರನ್ನೇ ಪೈ ಟೌನ್ ಅಂದ್ರು. ಆಮೇಲೆ, 1930ರ ದಶಕದಲ್ಲಿ ಟೆಕ್ಸಸ್, ಓಕ್ಲಹೋಮಾ ಕಡೆಯಿಂದ ಬರ, ಸಾಲ, ದೂಳಿನ ಬಿರುಗಾಳಿಗೆ ಸಿಕ್ಕಿ ನೆಲೆ ತಪ್ಪಿದ ರೈತರು ಇಲ್ಲಿಗೆ ಬಂದ್ರು. ಸರ್ಕಾರಿ ಭೂಮಿ ಕೇಳಿ ಅರ್ಜಿ ಹಾಕಿ, ಅಲ್ಲೇ ಮನೆ ಕಟ್ಟಿ, ಉತ್ತು ಬಿತ್ತು, ಕೆಲವು ವರ್ಷ ಬದುಕಿ ತೋರಿಸಿದ್ರೆ ಭೂಮಿ ಅವರದ್ದು. ಹೋಮ್‌ಸ್ಟೆಡ್ ಕಾಯ್ದೆ ಅಂತ ಅದಕ್ಕೆ ಹೆಸರು. ಇಂಥ ರೈತರು ಸುಮಾರು 200 ಮಂದಿ ಅಂತ ಲೀ ಚಿತ್ರಗಳ ಅಡಿಬರಹದಲ್ಲಿದೆ.

ಆ ಅಡಿಬರಹಗಳನ್ನ ಓದದೆ ಚಿತ್ರ ಮಾತ್ರ ನೋಡಬಾರದು. ಉದಾಹರಣೆಗೆ ಜ್ಯಾಕ್ ವೈನರಿ ಅನ್ನೋ ರೈತನ ಮನೆಯ ಚಿತ್ರ. ಅರ್ಧ ನೆಲದೊಳಗೆ ತೋಡಿ, ಮೇಲೆ ಮರದ ದಿಮ್ಮಿ ಜೋಡಿಸಿ, ಮಣ್ಣು ಮುಚ್ಚಿದ ಮನೆ. ಗಂಡ, ಹೆಂಡತಿ, ಐದು ಮಕ್ಕಳು. ಕೈಯಲ್ಲಿ ಕಾಸಿಲ್ಲದೆ ಬಂದು ಇನ್ನೂ ವರ್ಷ ತುಂಬಿಲ್ಲ, ಯಂತ್ರ ಇಲ್ಲ, ಎಲ್ಲಾ ಕೈ ಬೇಸಾಯ ಅಂತ ಬರೆದಿದೆ. ಜೊತೆಗೆ ಇನ್ನೊಂದು ಸಂಗತಿ: ಮನೆಯ ಮುಖ್ಯ ಕಿಟಕಿಗೆ ಹಾಕಿರೋ ಗಾಜು, ಅವರನ್ನ ಪೈ ಟೌನ್‌ಗೆ ಹೊತ್ತು ತಂದ ಹಳೇ ಕಾರಿನ ಮುಂಗಾಜು. ಕಾರು ಸವೆದುಹೋಯ್ತು, ಗಾಜು ಕಿಟಕಿ ಆಯ್ತು. ಇದನ್ನ ಓದಿದ ಮೇಲೆ ಚಿತ್ರ ಬೇರೆಯಾಗುತ್ತೆ. ಬಡತನ ಕಾಣೋದು ಇದ್ದೇ ಇದೆ; ಅದರ ಜೊತೆ ಒಬ್ಬ ಮನುಷ್ಯ ಲೆಕ್ಕ ಹಾಕಿದ್ದು, 'ಇದನ್ನ ಎಸೆಯೋದು ಬೇಡ, ಕಿಟಕಿಗೆ ಆಗುತ್ತೆ' ಅಂದುಕೊಂಡಿದ್ದೂ ಕಾಣುತ್ತೆ.

ಲೀ ಫ್ಲ್ಯಾಶ್ ಬಳಸೋದ್ರಲ್ಲಿ ಪಳಗಿದವನು. ಒಂದಕ್ಕಿಂತ ಹೆಚ್ಚು ಫ್ಲ್ಯಾಶ್ ಇಟ್ಟು ಕತ್ತಲ ಕೋಣೆಯ ಮೂಲೆಮೂಲೆಗೂ ಬೆಳಕು ಬಿಡ್ತಿದ್ದ. ಕೆಲವು ವಿಮರ್ಶಕರಿಗೆ ಇದು ಇಷ್ಟ ಆಗಲ್ಲ. ನೆರಳಿಲ್ಲ, ಗಾಢತೆ ಇಲ್ಲ, ಚಪ್ಪಟೆ ಅಂತಾರೆ. ನನಗೆ ಇದೇ ಅವನ ಶಕ್ತಿ. ನೆರಳಲ್ಲಿ ಬಡತನ ಸುಂದರವಾಗಿ ಕಾಣುತ್ತೆ. ಪೂರ್ತಿ ಬೆಳಕಲ್ಲಿ ಮನೆಯ ಸಾಮಾನು ಕಾಣುತ್ತೆ: ಡಬ್ಬ, ಬಾಟಲಿ, ಸೌದೆ ಒಲೆ, ಊಟದ ಮೇಜು. ನಮ್ಮ ಕಡೆ ಹೊಸದಾಗಿ ಮನೆಗೆ ಬಂದ ಹೆಣ್ಣಿನ ಕಡೆಯವರು ಅಟ್ಟ, ವಾಡೆ, ಹಗೇವು ಎಲ್ಲಾ ಕಣ್ಣಲ್ಲೇ ಅಳೆದು ಹೋಗ್ತಾರಲ್ಲ, ಲೀ ಕಣ್ಣು ಹಾಗಿದೆ. ಎಂಜಿನಿಯರ್ ತಲೆ, ಏನಿದೆ, ಎಷ್ಟಿದೆ, ಹೇಗೆ ಕೆಲಸ ಮಾಡುತ್ತೆ ಅಂತ ಪಟ್ಟಿ ಮಾಡ್ತಾ ಹೋಗುತ್ತೆ.

ಬಣ್ಣದ ಚಿತ್ರಗಳನ್ನ ವಿಶೇಷವಾಗಿ ನೋಡಬೇಕು. ಆ ಕಾಲದ ಬರಗಾಲದ ಅಮೆರಿಕ ನಮ್ಮ ತಲೆಯಲ್ಲಿ ಕಪ್ಪು-ಬಿಳುಪು. ಆದರೆ ಆಗ ತಾನೇ ಬಂದಿದ್ದ ಕೊಡಕ್ರೋಮ್ ಫಿಲ್ಮ್‌ನಲ್ಲಿ ಲೀ ಪೈ ಟೌನ್‌ನ ಬಣ್ಣದಲ್ಲೂ ತೆಗೆದಿದ್ದಾನೆ. ತಾನೇ ಬೆಳೆದ ಎಲೆಕೋಸು ಹಿಡಿದು ನಿಂತ ಹೆಂಗಸು. ಅಮೆರಿಕದ ರಾಜ್ಯಗಳನ್ನೆಲ್ಲ ಹೊಲಿದು ಮಾಡಿದ ಕೌದಿ ತೋರಿಸೋ ಇನ್ನೊಬ್ಬಳು. ಊರ ಜಾತ್ರೆಯಲ್ಲಿ ಊಟಕ್ಕೆ ಮುಂಚೆ ತಲೆಬಾಗಿ ಪ್ರಾರ್ಥನೆ ಮಾಡ್ತಿರೋ ಜನ. ಶಾಲೆಯಲ್ಲಿ ಹಾಡ್ತಿರೋ ಮಕ್ಕಳು. ಇನ್ನೊಂದರಲ್ಲಿ ಬಿಲ್ ಸ್ಟ್ಯಾಗ್ ಅನ್ನೋ ರೈತ ಪಿಂಟೋ ಬೀನ್ಸ್ ಗಿಡಗಳನ್ನ ಮಗುಚಿ ಹಾಕ್ತಿದ್ದಾನೆ. ಮುಂದೆ ಇವನ್ನ ಗುಡ್ಡೆ ಹಾಕಿ ಒಣಗಿಸ್ತಾನೆ ಅಂತ ಅಡಿಬರಹ. ರಾಗಿ, ಹುರುಳಿ ಬೆಳೆಯೋ ಊರಿನವನಾದ ನನಗೆ ಈ ಚಿತ್ರಕ್ಕೆ ವಿವರಣೆಯೇ ಬೇಕಾಗಲಿಲ್ಲ. ಕಿತ್ತ ಹುರುಳಿಯನ್ನ ಒಣಗೋಕೆ ಬಿಟ್ಟಾಗ ರೈತ ಮತ್ತೆ ಮತ್ತೆ ಆಕಾಶ ನೋಡ್ತಾನೆ. ಆ ಒಂದು ವಾರ ಮಳೆ ಬಂದ್ರೆ ಕಾಳು ಕಪ್ಪಾಗುತ್ತೆ. ಬಿತ್ತುವಾಗ ಬೇಕಾಗಿದ್ದ ಮಳೆಯೇ ಈಗ ಬೇಡ.

ಲೀ ಮಾಡಿದ ಇನ್ನೊಂದು ದೊಡ್ಡ ಕೆಲಸ ಹೆಸರು ಬರೆದದ್ದು. ಇದರಲ್ಲಿ ಪತ್ರಕರ್ತೆಯಾಗಿದ್ದ ಅವನ ಹೆಂಡತಿ ಜೀನ್ ಪಾಲು ದೊಡ್ಡದು; ಜೊತೆಯಲ್ಲೇ ಓಡಾಡಿ ಅಡಿಬರಹಕ್ಕೆ ಬೇಕಾದ ವಿವರ ಕೂಡಿಸ್ತಿದ್ದವಳು ಆಕೆ. ಹೋಲಿಕೆಗೆ, ಇದೇ ವಿಭಾಗದ ಅತಿ ಪ್ರಸಿದ್ಧ ಚಿತ್ರ ಲ್ಯಾಂಗ್ ತೆಗೆದ 'ಮೈಗ್ರೆಂಟ್ ಮದರ್'. 1936ರಲ್ಲಿ ತೆಗೆದ ಆ ಚಿತ್ರದ ತಾಯಿಯ ಹೆಸರು ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಅಂತ ಜಗತ್ತಿಗೆ ಗೊತ್ತಾಗಿದ್ದು 1978ರಲ್ಲಿ. ಅಲ್ಲೀವರೆಗೂ ಆಕೆ ಬರೀ ಕಷ್ಟದ ಮುಖ. ಪೈ ಟೌನ್‌ನ ಜನ ಹಾಗಲ್ಲ. ವೈನರಿ, ಸ್ಟ್ಯಾಗ್, ನಾರಿಸ್, ಕಾಡಿಲ್ ಅಂತ ಹೆಸರು ಹಿಡಿದು ಹುಡುಕಬಹುದು. ಅವರು ಯಾವುದರ ಪ್ರತೀಕವೂ ಆಗದೆ, ಆ ಊರಿನ ಜನ ಆಗಿಯೇ ಉಳಿದಿದ್ದಾರೆ.

ಇಷ್ಟು ಹೊಗಳಿದ ಮೇಲೆ ಅದರ ತೂತುಗಳನ್ನೂ ಹೇಳಬೇಕು. ಮೊದಲನೆಯದು, ಹೆಂಗಸರ ಹೆಸರು. ಆ ಕೌದಿ ಹೊಲಿದವಳು ಅಡಿಬರಹದಲ್ಲಿ 'ಮಿಸೆಸ್ ಬಿಲ್ ಸ್ಟ್ಯಾಗ್'. ಎಲೆಕೋಸಿನವಳು 'ಮಿಸೆಸ್ ಜಿಮ್ ನಾರಿಸ್'. ಕೌದಿ ಆಕೆಯದ್ದು, ಹೆಸರು ಗಂಡನದ್ದು. ಆ ಕಾಲದ ರೂಢಿ ಸರಿ, ಆದರೂ ನೋಡೋವಾಗ ಚುಚ್ಚುತ್ತೆ. ಒಬ್ಬಳು ಮಾತ್ರ ಈ ಪರದೆಯಿಂದ ಆಚೆ ಬಂದಳು. ಲೀ ಬಹಳ ಚಿತ್ರಗಳಲ್ಲಿ ಹಿಡಿದದ್ದು ಫ್ಯಾರೊ ಕಾಡಿಲ್ ಮತ್ತು ಡಾರಿಸ್ ಕಾಡಿಲ್ ದಂಪತಿಯನ್ನ: ಮನೆಯೊಳಗೆ ಊಟ, ಬಾವಿಯ ನೀರು, ಮನೆಯನ್ನೇ ಕಳಚಿ ಬೇರೆ ಕಡೆ ಕಟ್ಟೋದು. ದಶಕಗಳ ನಂತರ ಜೋನ್ ಮೈಯರ್ಸ್ ಅನ್ನೋ ಫೋಟೋಗ್ರಾಫರ್, ವಯಸ್ಸಾಗಿದ್ದ ಡಾರಿಸ್‌ಳನ್ನ ಹುಡುಕಿ ಮಾತಾಡಿಸಿ 2001ರಲ್ಲಿ 'ಪೈ ಟೌನ್ ವುಮನ್' ಪುಸ್ತಕ ಮಾಡಿದಳು. ಚಿತ್ರ ತೆಗೆದು ಎರಡೇ ವರ್ಷಕ್ಕೆ ಕಾಡಿಲ್ ಕುಟುಂಬ ಊರು ಬಿಟ್ಟಿತ್ತು. ಆಮೇಲೆ ಗಂಡ-ಹೆಂಡತಿಯೂ ಬೇರೆಯಾದ್ರು. ಲೀ ಚಿತ್ರದಲ್ಲಿ ಮೇಜಿನ ಸುತ್ತ ಕೂತ ಆ ಸಂಸಾರವನ್ನ ಇದು ಗೊತ್ತಾದ ಮೇಲೆ ಮೊದಲಿನ ಹಾಗೆ ನೋಡೋಕಾಗಲ್ಲ.

ಎರಡನೆಯ ತೂತು ಇನ್ನೂ ದೊಡ್ಡದು. 1941ರಲ್ಲಿ 'ಯು.ಎಸ್. ಕ್ಯಾಮೆರಾ' ಪತ್ರಿಕೆಯಲ್ಲಿ ಲೀ ಈ ಚಿತ್ರಗಳನ್ನ ಪ್ರಕಟಿಸಿದಾಗ ತಲೆಬರಹದಲ್ಲೇ 'ಫ್ರಾಂಟಿಯರ್' ಅನ್ನೋ ಪದ ಇತ್ತು. ಅಂದ್ರೆ ನಾಗರಿಕತೆಯ ಅಂಚು, ಅದರಾಚೆ ಯಾರೂ ಇಲ್ಲ ಅನ್ನೋ ಅರ್ಥ. ಆದರೆ ಅಲ್ಲಿ ಜನ ಇದ್ರು. ಇದೇ ಕೌಂಟಿಯ ದಕ್ಷಿಣದಲ್ಲಿ ಹೀಲಾ ಬಂಡೆಮನೆಗಳಿವೆ. 1200ರ ದಶಕದ ಕೊನೆಗೆ ಮೊಗೊಯೋನ್ ಜನ ಗುಹೆಗಳೊಳಗೆ ಕಲ್ಲು-ಮಣ್ಣಿನ ಕೋಣೆ ಕಟ್ಟಿಕೊಂಡು, ಜೋಳ, ಬೀನ್ಸ್, ಕುಂಬಳ ಬೆಳೆದು ಬದುಕಿದ ಜಾಗ. ಹೌದು, ಬೀನ್ಸ್. ಕೆಲವೇ ದಶಕ ಇದ್ದು ಅವರೂ ಬಿಟ್ಟು ಹೋದ್ರು. ನಂತರ ಇದು ಅಪಾಚಿ ಜನರ ಸೀಮೆ. 1872ರಿಂದ 1874ರವರೆಗೆ ಇದೇ ಕೌಂಟಿಯ ಟುಲರೋಸಾ ಕಣಿವೆಯಲ್ಲಿ ವಾರ್ಮ್ ಸ್ಪ್ರಿಂಗ್ಸ್ ಅಪಾಚಿಗಳನ್ನ ತಂದು ಇಡಲಾಗಿತ್ತು. ಅವರಿಗೆ ಬೇಡವಾಗಿತ್ತು, ವಾಪಸ್ ಹೋದ್ರು. 1886ರಲ್ಲಿ ಚಿರಿಕಾವಾ ಅಪಾಚಿಗಳನ್ನ ಯುದ್ಧಕೈದಿಗಳನ್ನಾಗಿ ರೈಲು ಹತ್ತಿಸಿ ಫ್ಲಾರಿಡಾಕ್ಕೆ ಸಾಗಿಸಿದ್ರು. ಇನ್ನು ರಿಸರ್ವ್ ಪಟ್ಟಣ ಹುಟ್ಟಿದ್ದೇ ಸ್ಪ್ಯಾನಿಶ್ ಮಾತಾಡೋ ಕುಟುಂಬಗಳ ಹಳ್ಳಿಯಾಗಿ. ಕೌಂಟಿಗೆ ಹೆಸರು ಕೊಟ್ಟ ಥಾಮಸ್ ಕ್ಯಾಟ್ರನ್ ಯಾರು ಗೊತ್ತಾ? ಸ್ಪ್ಯಾನಿಶ್, ಮೆಕ್ಸಿಕನ್ ಕಾಲದ ಭೂದಾನಗಳ ವ್ಯಾಜ್ಯ ನಡೆಸಿ, ಅದರಲ್ಲೇ ಅಪಾರ ಭೂಮಿ ಮಾಡಿಕೊಂಡ ವಕೀಲ, ಮುಂದೆ ಸೆನೆಟರ್. ಭೂಮಿ ಖಾಲಿ ಇದ್ರೆ ವಕೀಲನಿಗೇನು ಕೆಲಸ?

ಹೀಗಾಗಿ ಲೀ ಒಂದು ಅಧ್ಯಾಯವನ್ನ ಅದ್ಭುತವಾಗಿ ಬರೆದ, ಆದರೆ ಅದನ್ನೇ ಮೊದಲ ಅಧ್ಯಾಯ ಅಂತ ಹೆಸರಿಟ್ಟ. ಕೊನೆಯ ಅಧ್ಯಾಯ ಹತ್ತಿರದಲ್ಲೇ ಇತ್ತು, ಅದು ಅವನಿಗೆ ಗೊತ್ತಿರಲಿಲ್ಲ. ಎಂಟು ಸಾವಿರ ಅಡಿ ಎತ್ತರದಲ್ಲಿ ಹಿಮ ಬೀಳದ ದಿನಗಳು ಕಮ್ಮಿ, ಬೆಳೆ ಬೇಗ ಬರಬೇಕು. ನೀರಾವರಿ ಇಲ್ಲ. ಯುದ್ಧ ಶುರುವಾಯ್ತು, ಗಂಡಸರು ಸೈನ್ಯಕ್ಕೋ ಕಾರ್ಖಾನೆಗೋ ಹೋದ್ರು. ಅಲ್ಲಿ ತಿಂಗಳ ಸಂಬಳ ಅಂತ ಒಂದಿತ್ತು. 1950ರ ದಶಕದಲ್ಲಿ ನ್ಯೂ ಮೆಕ್ಸಿಕೋಗೆ ಭೀಕರ ಬರ ಬಂತು. ಮಳೆ ನಂಬಿದ ಬೀನ್ಸ್ ಬೇಸಾಯ ನೆಲಕಚ್ಚಿತು. ಮನೆಗಳು ಖಾಲಿಯಾದವು, ಹೊಲ ಮತ್ತೆ ಹುಲ್ಲಾಯ್ತು, ದನ ಮೇಯಿಸೋ ದೊಡ್ಡ ರ‍್ಯಾಂಚುಗಳಿಗೆ ಸೇರಿತು.

ಈಗ ಎರಡನೇ ಕೆಲಸಕ್ಕೆ ಬರೋಣ. ಈ ಹುಲ್ಲಿನ ಬಯಲಿಗೇ ಡಿ ಮರಿಯಾ ಬಂದದ್ದು. ಏಕಾಂತ, ಸಮತಟ್ಟು ನೆಲ, ಸಿಡಿಲು, ಈ ಮೂರೂ ಬೇಕಿತ್ತು ಆತನಿಗೆ. ಡಿಯಾ ಅನ್ನೋ ಕಲಾ ಪ್ರತಿಷ್ಠಾನ ಹಣ ಹಾಕಿತು. 400 ಸ್ಟೇನ್‌ಲೆಸ್ ಸ್ಟೀಲ್ ಕಂಬಗಳು. ಉದ್ದಕ್ಕೆ 25, ಅಡ್ಡಕ್ಕೆ 16. ಒಂದು ಕಡೆ ಒಂದು ಮೈಲಿ, ಇನ್ನೊಂದು ಕಡೆ ಒಂದು ಕಿಲೋಮೀಟರ್. ಕಂಬದಿಂದ ಕಂಬಕ್ಕೆ 220 ಅಡಿ. ನೆಲದ ಏರಿಳಿತಕ್ಕೆ ತಕ್ಕ ಹಾಗೆ ಕಂಬದ ಎತ್ತರ 15 ಅಡಿಯಿಂದ 26 ಅಡಿ 9 ಅಂಗುಲದವರೆಗೆ ಬದಲಾಗುತ್ತೆ, ಆದರೆ ತುದಿಗಳೆಲ್ಲ ಒಂದೇ ಮಟ್ಟ. ಮೇಲೆ ಒಂದೇ ಗಾಜಿನ ಹಾಳೆ ಹಾಸಿದ್ರೂ ಅಲುಗದೆ ಕೂರೋವಷ್ಟು. ಮಟ್ಟಗೋಲು ಹಿಡಿದವರಿಗೆ ಗೊತ್ತು ಇದು ಎಂಥ ಕೆಲಸ ಅಂತ.

ಒಂದು ಮಾತು ಸ್ಪಷ್ಟವಾಗಲಿ: ನಾನು ಅಲ್ಲಿಗೆ ಹೋಗಿಲ್ಲ. ಕಲಾಕೃತಿ ನೋಡದೆ ವಿಮರ್ಶೆ ಮಾಡಬಹುದಾ ಅಂತ ನೀವು ಕೇಳಬಹುದು. ಆ ಕೃತಿಯನ್ನ ಹೆಚ್ಚಿನವರು ನೋಡದ ಹಾಗೆಯೇ ರೂಪಿಸಲಾಗಿದೆ, ಅದೂ ಅದರ ಭಾಗ. ವರ್ಷದಲ್ಲಿ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಾತ್ರ ಪ್ರವೇಶ. ಒಂದು ಸಲಕ್ಕೆ ಹೆಚ್ಚೆಂದರೆ ಆರು ಜನ. ಕೆಮಾಡೊದಲ್ಲಿ ಡಿಯಾ ಕಚೇರಿ ಮುಂದೆ ನಿಮ್ಮ ಕಾರು ಬಿಟ್ಟು, ಅವರ ಗಾಡಿ ಹತ್ತಿ ಹೋಗಬೇಕು. ರಾತ್ರಿ ಅಲ್ಲೇ ತಂಗಬೇಕು. ಫೋಟೋ ತೆಗೆಯೋ ಹಾಗಿಲ್ಲ. ಹೀಗಾಗಿ ಜಗತ್ತಿಗೆ ಗೊತ್ತಿರೋದು ಜಾನ್ ಕ್ಲಿಯೆಟ್ ಅನ್ನೋ ಫೋಟೋಗ್ರಾಫರ್ 1970ರ ದಶಕದ ಕೊನೆಯಲ್ಲಿ ತೆಗೆದ ಕೆಲವು ಅಧಿಕೃತ ಚಿತ್ರಗಳು, ಡಿ ಮರಿಯಾ 1980ರಲ್ಲಿ 'ಆರ್ಟ್‌ಫೋರಂ' ಪತ್ರಿಕೆಗೆ ಬರೆದುಕೊಟ್ಟ ಟಿಪ್ಪಣಿ, ಮತ್ತೆ ಹೋಗಿ ಬಂದವರ ಬರಹಗಳು. ನಾನು ಮಾತಾಡ್ತಿರೋದು ಇವುಗಳ ಬಗ್ಗೆ.

ಹೋಗಿ ಬಂದವರು ಹೇಳೋದ್ರಲ್ಲಿ ಒಂದು ವಿಷಯ ಎಲ್ಲರದ್ದೂ ಒಂದೇ. ಮಧ್ಯಾಹ್ನದ ಬಿಸಿಲಲ್ಲಿ ಕಂಬಗಳು ಬಹುಪಾಲು ಮಾಯ. ಬೆಳಗ್ಗೆ, ಸಂಜೆ ಸೂರ್ಯ ಓರೆಯಾದಾಗ ನಾನೂರೂ ಒಮ್ಮೆಲೇ ಹೊತ್ತಿಕೊಂಡ ಹಾಗೆ ಹೊಳೀತವೆ. ಸಿಡಿಲು ಮಾತ್ರ ಅಪರೂಪ. ಕಲಾವಿದನ ಲೆಕ್ಕದಲ್ಲೇ ಅಲ್ಲಿಂದ ಗುಡುಗು-ಮಿಂಚು ಕಾಣೋದು ವರ್ಷಕ್ಕೆ 60 ದಿನ ಇರಬಹುದು. ಕಂಬಕ್ಕೇ ಹೊಡೆಯೋದು ಇನ್ನೂ ಅಪರೂಪ. ಅಂದ್ರೆ ಹೆಸರಲ್ಲಿ ಸಿಡಿಲಿದ್ರೂ ಕೃತಿಯ ನಿಜವಾದ ವಿಷಯ ಕಾಯೋದು. ಗಂಟೆಗಟ್ಟಲೆ ಏನೂ ಆಗದ ಕಡೆ ಕೂತು, ಬೆಳಕು ನಡೆಯೋದನ್ನ ನೋಡೋದು. ಫೋನು ಬಿಟ್ಟು ಹತ್ತು ನಿಮಿಷ ಇರಲಾರದ ನಮ್ಮಂಥವರಿಗೆ ಇದು ದೊಡ್ಡ ಪಾಠವೇ ಇರಬಹುದು. ಆ ಮಟ್ಟಿಗೆ ಕೃತಿಯನ್ನ ಗೌರವಿಸ್ತೀನಿ.

ನನ್ನ ತಕರಾರು ಬೇರೆ. ಆ ಆರು ಜನ ಅತಿಥಿಗಳು ಮಲಗೋದು ಎಲ್ಲಿ? ಹೋಮ್‌ಸ್ಟೆಡ್ ಕಾಲದ ಒಂದು ಮರದ ದಿಮ್ಮಿಯ ಮನೆಯಲ್ಲಿ, ದುರಸ್ತಿ ಮಾಡಿಸಿದ್ದಾರೆ. ಬೆಚ್ಚಗಿನ ಕೋಣೆ, ಫ್ರಿಜ್‌ನಲ್ಲಿ ರಾತ್ರಿ ಊಟಕ್ಕೆ ಬಿಸಿ ಮಾಡಿಕೊಳ್ಳೋ ಎಂಚಿಲಾಡ. ಅತಿಥಿಗಳು ಜಗಲಿಯಲ್ಲಿ ಕೂತು ಶೂನ್ಯವನ್ನ ಅನುಭವಿಸ್ತಾರೆ. ಅವರ ಬೆನ್ನ ಹಿಂದಿನ ಗೋಡೆ ಯಾರೋ ಬದುಕೋಕೆ ಅಂತ ಕಟ್ಟಿದ್ದು. ಇದೇ ಜಗಲಿಯಿಂದ ಯಾವನೋ ಒಬ್ಬ ಇದೇ ಮೋಡವನ್ನ ಬೇರೆ ಕಾರಣಕ್ಕೆ ನೋಡಿರ್ತಾನೆ. ಅತಿಥಿಗೆ ಸಿಡಿಲು ಬಂದ್ರೆ ಲಾಭ, ಮಳೆ ಬಂದ್ರೆ ನಷ್ಟ. ಆ ಮನೆಯವನಿಗೆ ಉಲ್ಟಾ. ಇಷ್ಟು ದೊಡ್ಡ ಕಥೆ ಮನೆಯೊಳಗೇ ಇದ್ದರೂ ಕೃತಿಯ ನೋಟ ಕಂಬಗಳ ಕಡೆಗೆ ಮಾತ್ರ. ನೆಲ ಅಂದ್ರೆ ಹಿನ್ನೆಲೆ ಅಲ್ಲ, ಕೃತಿಯ ಭಾಗ ಅಂತ ಡಿ ಮರಿಯಾ ವಾದಿಸಿದ. ಒಪ್ಪಿಕೊಳ್ಳೋಣ. ಆದರೆ ನೆಲ ಭಾಗ ಆದ್ರೆ ಆ ನೆಲ ಉತ್ತು ಸೋತವರು ಭಾಗ ಅಲ್ವಾ?

ಇದು ಒಬ್ಬ ಕಲಾವಿದನ ಕಣ್ಣಿನ ದೋಷ ಅಂತ ಮಾತ್ರ ಹೇಳಿದ್ರೆ ಅನ್ಯಾಯ. ಅಮೆರಿಕ ಪಶ್ಚಿಮದ ಭೂಮಿಯನ್ನ ನೋಡೋ ಒಂದು ಅಧಿಕೃತ ರೀತಿಯೇ ಹೀಗಿದೆ. ಆಲ್ಡೊ ಲಿಯೋಪೋಲ್ಡ್ ಪ್ರಯತ್ನದಿಂದ 1924ರಲ್ಲಿ ಹೀಲಾ ಕಾಡಿನ ಒಂದು ದೊಡ್ಡ ಭಾಗವನ್ನ 'ವೈಲ್ಡರ್ನೆಸ್' ಅಂತ ಘೋಷಿಸಿದ್ರು. ಜಗತ್ತಿನಲ್ಲೇ ಇಂಥ ಮೊದಲ ಘೋಷಣೆ ಅಂತ ಹೆಸರು. ಅದರಲ್ಲಿ ಬಹಳಷ್ಟು ಇದೇ ಕೌಂಟಿಯೊಳಗಿದೆ. 1964ರ ಕಾಯ್ದೆ ಬಂದಾಗ ಅದರ ವ್ಯಾಖ್ಯೆಯಲ್ಲಿ ಮನುಷ್ಯ ಬಂದು ಹೋಗೋ ಅತಿಥಿ ಮಾತ್ರ, ಉಳಿಯೋನಲ್ಲ ಅಂತಾಯ್ತು. ಕಾಡು ಉಳಿಯೋಕೆ ಈ ಕಾಯ್ದೆ ಬೇಕಾಗಿತ್ತು, ಅದನ್ನ ಅಲ್ಲಗಳೆಯಲ್ಲ. ಆದರೆ ಅದೇ ಕಾಡಿನ ಮಗ್ಗುಲಲ್ಲಿ ಬಂಡೆಮನೆಗಳಿವೆ ಅನ್ನೋದೂ ನೆನಪಿರಲಿ. ಲೈಟ್ನಿಂಗ್ ಫೀಲ್ಡ್‌ನ ಆರು ಜನರೂ ಅಂಥ ಅತಿಥಿಗಳೇ: ಒಂದು ದಿನ ಇದ್ದು ಹೋಗೋರು.

ಹಾಗಾದ್ರೆ ಉಳಿದಿರೋ 3,579 ಜನ ತಮ್ಮನ್ನ ತಾವು ಹೇಗೆ ತೋರಿಸಿಕೊಂಡ್ರು? ಅದೂ ಚೆನ್ನಾಗೇನಿಲ್ಲ. ಕೌಂಟಿಯ ಅರ್ಧಕ್ಕಿಂತ ಹೆಚ್ಚು ಭೂಮಿ ಕೇಂದ್ರ ಸರ್ಕಾರದ್ದು. ಎಲ್ಲಿ ದನ ಮೇಯಬಹುದು, ಯಾವ ಮರ ಕಡಿಯಬಹುದು ಅನ್ನೋದು ದೂರದ ಕಚೇರಿಗಳ ತೀರ್ಮಾನ. 1990ರ ದಶಕದಲ್ಲಿ ಇದರ ವಿರುದ್ಧ ಸಿಟ್ಟು ಜೋರಾಗಿ, ತಮ್ಮ 'ರೂಢಿ ಮತ್ತು ಸಂಸ್ಕೃತಿ' ಕಾಪಾಡೋ ಹೆಸರಲ್ಲಿ ಕೌಂಟಿ ಕಾನೂನು ಮಾಡಿತು. ಪ್ರತಿ ಮನೆಯ ಯಜಮಾನನೂ ಬಂದೂಕು ಇಟ್ಟುಕೊಳ್ಳಲಿ ಅಂತ ನಿರ್ಣಯವನ್ನೂ ತಂದಿತು. 1998ರಲ್ಲಿ ಪಕ್ಕದ ಅರಿಝೋನಾ ಕಾಡಲ್ಲಿ ಮೆಕ್ಸಿಕನ್ ತೋಳಗಳನ್ನ ಬಿಟ್ಟಾಗ ಅವು ಇಲ್ಲಿಗೂ ಬಂದವು, ಕರುಗಳನ್ನ ತಿಂದವು. ಶಾಲೆ ಬಸ್ಸಿಗೆ ಕಾಯೋ ಮಕ್ಕಳಿಗೆ ಅಂತ ಮರ, ತಂತಿಜಾಲರಿಯ ಗೂಡುಗಳೆದ್ದವು. ಗೂಡಿನೊಳಗಿನ ಮಕ್ಕಳ ಫೋಟೋ ದೇಶವೆಲ್ಲ ಸುತ್ತಿತು. ನಗರದವರು ನಾಟಕ ಅಂದ್ರು. ನಾಟಕದ ಅಂಶ ಇತ್ತು ಕೂಡ. ಆದರೆ ನಿಮ್ಮ ಊರನ್ನ ಖಾಲಿ ಜಾಗ ಅಂತ ಎಲ್ಲರೂ ಅನ್ನುವಾಗ, 'ಇಲ್ಲಿ ಮಕ್ಕಳಿದ್ದಾರೆ' ಅಂತ ಹೇಳೋಕೆ ಹೀಗೆ ಕೂಗಬೇಕಾಗುತ್ತೋ ಏನೋ. ಅವರ ಆ ಕೂಗಿನಲ್ಲೂ ಅಪಾಚಿಗಳಿಗೆ ಜಾಗ ಇರಲಿಲ್ಲ ಅನ್ನೋದು ಬೇರೆ ಮಾತು.

ಕನ್ನಡದಲ್ಲಿ ಈ ಗೊಂದಲ ಬಿಡಿಸೋಕೆ ಒಂದು ಒಳ್ಳೇ ಪದ ಇದೆ: ಬೀಳು. ಖಾಲಿ ಅನ್ನೋದಕ್ಕೂ ಬೀಳು ಅನ್ನೋದಕ್ಕೂ ಎಷ್ಟು ವ್ಯತ್ಯಾಸ ನೋಡಿ. ಹೊಲ ಬೀಳು ಬಿದ್ದಿದೆ ಅಂದ ತಕ್ಷಣ ಕೇಳಿದವರು 'ಯಾರ ಹೊಲ? ಎಷ್ಟು ವರ್ಷ ಆಯ್ತು? ಯಾಕೆ ಬಿಟ್ರು?' ಅಂತಾರೆ. ಪದದೊಳಗೇ ಒಬ್ಬ ಒಡೆಯ ಇದ್ದಾನೆ, ಒಂದು ಕಾರಣ ಇದೆ, ಮತ್ತೆ ಉಳೋ ಸಾಧ್ಯತೆಯೂ ಇದೆ. ಖಾಲಿ ಸೈಟು ಅಂದ್ರೆ ಯಾರೂ ಇಂಥ ಪ್ರಶ್ನೆ ಕೇಳಲ್ಲ, ಚದರಡಿಗೆ ಎಷ್ಟು ಅಂತಾರೆ. ನಾವು ಊರು ಬಿಟ್ಟು ಬಂದವರು ದಿನಾ ಈ ಎರಡು ಪದಗಳ ನಡುವೆ ಓಡಾಡ್ತಿರ್ತೀವಿ. ವೀಕೆಂಡಿಗೆ 'ಏನೂ ಇಲ್ಲದ' ಜಾಗ ಹುಡುಕಿಕೊಂಡು ಹೋಗ್ತೀವಿ, ಫಾರ್ಮ್ ಪ್ಲಾಟ್ ಬ್ರೋಷರ್‌ನಲ್ಲಿ ಹಸಿರು ಬಯಲು ನೋಡಿ ಖುಷಿ ಪಡ್ತೀವಿ. ಅದು ಯಾರ ಬೀಳು ಅಂತ ಕೇಳೋ ಅಭ್ಯಾಸ ಮಾತ್ರ ಊರಲ್ಲೇ ಉಳಿದುಹೋಗಿದೆ.

ಈ ಅಳತೆಗೋಲಿನಲ್ಲಿ ನೋಡಿದ್ರೆ ಕ್ಯಾಟ್ರನ್ ಕೌಂಟಿ ಒಂದು ದೊಡ್ಡ ಬೀಳು. ಮೊಗೊಯೋನ್ ಜನ ಬಿಟ್ಟದ್ದು, ಅಪಾಚಿಗಳಿಂದ ಬಿಡಿಸಿದ್ದು, ಟೆಕ್ಸಸ್ ರೈತರಿಗೆ ಒಲಿಯದೆ ಹೋದದ್ದು. ಡಿ ಮರಿಯಾ ಅದನ್ನ ಖಾಲಿ ಅಂದುಕೊಂಡು ಒಂದು ಅಪ್ರತಿಮ ಅಳತೆಯ ಕೃತಿ ಮಾಡಿದ. ಲೀ ಅದು ಬೀಳು ಬೀಳೋ ಮುಂಚಿನ ಒಂದು ಸುಗ್ಗಿಯನ್ನ ಕಂಡ, ಹೆಸರು ಸಮೇತ ಬರೆದಿಟ್ಟ. ಇಬ್ಬರಲ್ಲಿ ಒಬ್ಬನನ್ನೇ ಇಟ್ಟುಕೋ ಅಂದ್ರೆ ನಾನು ಲೀಯನ್ನ ಇಟ್ಟುಕೊಳ್ತೀನಿ. ಅವನ ತಪ್ಪನ್ನೂ ಅವನ ಚಿತ್ರಗಳಿಂದಲೇ ತಿದ್ದಬಹುದು, ಯಾಕಂದ್ರೆ ಅಲ್ಲಿ ಜನ ಇದ್ದಾರೆ, ಹುಡುಕಿಕೊಂಡು ಹೋಗಬಹುದು; ಡಾರಿಸ್ ಕಾಡಿಲ್‌ಳನ್ನ ಒಬ್ಬಾಕೆ ಹಾಗೇ ಹುಡುಕಿದಳು. ಕಂಬಗಳ ಹಿಂದೆ ಹೋಗೋಕೆ ಕೃತಿಯಲ್ಲಿ ಯಾವ ದಾರಿಯೂ ಇಲ್ಲ, ಆ ಮಲಗೋ ಮನೆಯ ಗೋಡೆಯೊಂದನ್ನ ಬಿಟ್ಟರೆ.

ಲೈಟ್ನಿಂಗ್ ಫೀಲ್ಡ್‌ಗೆ ಸೀಟು ಬೇಕಂದ್ರೆ ಮುಂಚೆ ಬುಕ್ ಮಾಡಬೇಕು, ಸಿಗೋದು ಕಷ್ಟ. ಪೈ ಟೌನ್ ಚಿತ್ರಗಳು ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿವೆ, ಎಲ್ಲಾ ಪುಕ್ಕಟೆ, ದೊಡ್ಡ ಫೈಲೇ ಇಳಿಸಿಕೊಳ್ಳಬಹುದು. ಈ ಶನಿವಾರ ಏನಾದ್ರೂ ನೋಡಬೇಕು ಅನ್ನಿಸಿದ್ರೆ ಜ್ಯಾಕ್ ವೈನರಿ ಹೆಸರು ಹಾಕಿ ಹುಡುಕಿ. ಚಿತ್ರ ದೊಡ್ಡದು ಮಾಡಿ ನೋಡಿ, ಅಡಿಬರಹ ಓದಿ. ಆ ಕಾರಿನ ಗಾಜು ಕಿಟಕಿಯಾಗಿ ಕೂತದ್ದು ಹೇಗೆ ಅಂತ ಒಂದು ನಿಮಿಷ ಯೋಚನೆ ಮಾಡಿ. ಎಂಜಿನಿಯರುಗಳಾಗಿದ್ರೆ ಎರಡು ನಿಮಿಷ.